ಮಾಸು ನೋಡಿದ ದಿನ

ಆ ದಿನ ಮಾಡಿದ ಕೆಲಸಗಳು ಇಷ್ಟು. ಎದ್ದು ಅಂಗಳ ಸಾರಿಸಿದೆ. ಎಮ್ಮೆ ಹಿಂಡಿ, ಹಾಲು ಕಾಸಿ, ನೆಲುವಿಗೆ ಏರಿಸಿದೆ. ಒಂಬತ್ತು ರೊಟ್ಟಿ ಬಡಿದೆ. ಅದರಲ್ಲಿ ಮಗಳ ಪಾಲಿಗೆ ಒಂದು. ಹಿಂದಿನ ದಿನ ತೋಟದಿಂದ ಬಂದಿದ್ದ ವೀಳ್ಯದೆಲೆಗಳ ಮೇಲೆ ನೀರು ಚಿಮುಕಿಸಿ, ಹರಿದವು, ಚುಕ್ಕೆ ಬಿದ್ದವು ಬೇರೆ ಮಾಡಿ, ಉಳಿದವನ್ನು ಬಾಳೆಪಟ್ಟೆಯಲ್ಲಿ ಸುತ್ತಿ ಕಟ್ಟಿದೆ. ಸೋಮವಾರವಾದ್ದರಿಂದ ಮಗಳನ್ನು ನಿಲ್ಲಿಸಿ ಹೊಟ್ಟೆಯ ಸುತ್ತ ದಾರ ಹಿಡಿದು ನೋಡಿದೆ. ಹೋದ ಸೋಮವಾರದ ಗಂಟಿಗೇ ಬಂದು ನಿಂತಿತು. ಸಮಾಧಾನವಾಯಿತು. ನಡುಮನೆಯಲ್ಲಿ ಹಾಸಿಗೆ ಸುರುಳಿಗಳ ಹಿಂದೆ, ಇಲಿ ಗೋಡೆ ತೋಡಿ ಮಾಡಿದ್ದ ಗೂಡಿಗೆ ಮತ್ತೆ ಕೆಮ್ಮಣ್ಣು ಮೆತ್ತಿದೆ. ಅದರ ಮುಂದೆ ಇಲಿಬೋನು ಇಟ್ಟು, ಒಂದು ಚೂರು ಕೊಬ್ಬರಿಯನ್ನು ಕೆಂಡದ ಮೇಲೆ ಸುಟ್ಟು ಕೊಂಡಿಗೆ ಸಿಕ್ಕಿಸಿದೆ. ಮೂರು ವಾರದಿಂದ ಹೀಗೇ ನಡೆದಿತ್ತು. ಕೊಬ್ಬರಿ ಹೋಗುತ್ತಿತ್ತು, ಬೋನಿನ ಬಾಗಿಲು ಬೀಳುತ್ತಿರಲಿಲ್ಲ. ಜಾಣ ಇಲಿ ಎಂದುಕೊಂಡಿದ್ದೆ.

ಇಷ್ಟನ್ನು ಇದೇ ಸಾಲಿನಲ್ಲಿ ನೆನಪಿಟ್ಟುಕೊಳ್ಳಲು ಕಾರಣವಿದೆ. ಅಂದು ಸಂಜೆಯ ಹೊತ್ತಿಗೆ ಈ ಕೆಲಸಗಳಲ್ಲಿ ಮೂರನ್ನು ಮಾಡಬಾರದಿತ್ತು ಎಂದು ನನಗೆ ತಿಳಿದಿತ್ತು.

ನಮ್ಮದು ಸವಣೂರು. ಊರ ಹೊರಗೆ ನಮ್ಮ ಎಲೆತೋಟವಿತ್ತು. ನನ್ನ ಯಜಮಾನರೂ ಇಬ್ಬರು ಗಂಡುಮಕ್ಕಳೂ ಬೆಳಗಿನಿಂದ ಬೈಗಿನ ತನಕ ಬಳ್ಳಿಗಳ ನಡುವೆಯೇ ಇರುತ್ತಿದ್ದರು. ಯುದ್ಧ ನಡೆದಿದ್ದ ಕಾಲ. ಸೀಮೆಎಣ್ಣೆಗೆ, ಸಕ್ಕರೆಗೆ ಪಾಳಿ ಹಚ್ಚಿ ನಿಲ್ಲಬೇಕಿತ್ತು. ಆದರೆ ಜೋಳಕ್ಕೆ ನಮ್ಮ ಮನೆಯಲ್ಲಿ ಕೊರತೆ ಇರಲಿಲ್ಲ. ಅಂಗಳದಲ್ಲಿ ನೆಲ ತೋಡಿ ಕಟ್ಟಿಸಿದ ಹಗೇವು ಇತ್ತು, ಅದರ ತುಂಬ ಕಾಳಿತ್ತು. ಹಗೇವಿನ ಮೇಲೆಯೇ ನಾವು ದಿನಾ ನಡೆದಾಡುತ್ತಿದ್ದೆವು. ಇದನ್ನೂ ಬರೆದಿಡಬೇಕು.

ಮಗಳನ್ನು ಹಿರೇಕೆರೂರಿನ ಕಡೆ, ಅಬಲೂರಿನ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದೆವು. ಮದುವೆಯಾಗಿ ಎರಡು ವರ್ಷಕ್ಕೆ ಬಸುರಾದಳು. ಏಳನೆಯ ತಿಂಗಳಲ್ಲಿ ಅಲ್ಲಿ ಸೀಮಂತದ ಕುಬಸ ಮಾಡಿ, ಹಸಿರು ಬಳೆ ಇಡಿಸಿ, ಹೋಳಿಗೆ ತುಪ್ಪ ಉಣ್ಣಿಸಿ ಕಳಿಸಿದರು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕಲ್ಲ. ಗಾಡಿಯಿಂದ ಇಳಿದ ಅವಳನ್ನು ಒಳಗೆ ಕರೆದುಕೊಂಡು ಬಂದು ನಾನು ಮೊದಲು ಮಾಡಿದ ಕೆಲಸವೆಂದರೆ ಬಿಳಿ ನೂಲಿನ ಒಂದು ದಾರ ತೆಗೆದು ಅವಳ ಹೊಟ್ಟೆಯ ಸುತ್ತಳತೆ ಹಿಡಿದು ಗಂಟು ಹಾಕಿದ್ದು.

ಆ ದಾರದ ಪದ್ಧತಿ ನನ್ನ ತವರಿನದು. ನನ್ನ ತವರು ಹಾನಗಲ್ಲಿನ ಕಡೆ. ನನಗಿಂತ ದೊಡ್ಡವಳು ಒಬ್ಬ ಅಕ್ಕ ಇದ್ದಳು. ಚೊಚ್ಚಲ ಹೆರಿಗೆಯಲ್ಲಿ ಮೂರು ದಿನ ನೋವು ತಿಂದು ತೀರಿಕೊಂಡಳು. ಕೂಸು ದೊಡ್ಡದಾಗಿ ದಾರಿಯಲ್ಲಿ ಸಿಕ್ಕಿಕೊಂಡಿತು ಎಂದರು. ಕೂಸು ಯಾಕೆ ದೊಡ್ಡದಾಯಿತೆಂದರೆ ಅಕ್ಕ ಬಸುರಿನಲ್ಲಿ ಕದ್ದು ಮೊಸರು ತಿನ್ನುತ್ತಿದ್ದಳು, ಗಡಿಗೆಗೆ ಕೈಹಾಕಿ ಕೆನೆ ತೆಗೆಯುತ್ತಿದ್ದಳು ಎಂದರು. ನಮ್ಮವ್ವ ಕೊನೆಯ ತನಕ ಅಕ್ಕನ ಹೆಸರು ಬಂದಾಗಲೆಲ್ಲ ಬಾಯಿ ಕಟ್ಟಲಿಲ್ಲ, ಜೀವ ಕಳಕೊಂಡಳು ಎಂದೇ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಮೇಲೆ ನಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ಕುಬಸ ಆದ ಮಾರನೆಯ ದಿನದಿಂದ ಊಟ ಇಳಿಸುವುದು, ಸೋಮವಾರಕ್ಕೊಮ್ಮೆ ದಾರ ಹಿಡಿಯುವುದು ಶುರುವಾಯಿತು. ಗಂಟು ಮುಂದೆ ಹೋಗದಿದ್ದರೆ ತಾಯಿ ಗೆದ್ದಳೆಂದು ಅರ್ಥ. ನನ್ನ ಮೂರು ಬಸುರಿನಲ್ಲಿಯೂ ಹಾಗೇ ಆಗಿತ್ತು. ನನ್ನ ಮಕ್ಕಳು ಇಲಿಮರಿಗಳ ಹಾಗೆ ಹುಟ್ಟಿದವು, ನಾನು ಉಳಿದೆ. ಬದುಕಿದ್ದೇನಲ್ಲ, ಅದೇ ಸಾಕ್ಷಿ ಎಂದು ನಂಬಿಕೊಂಡಿದ್ದೆ.

ಆದ್ದರಿಂದ ಮಗಳಿಗೆ ಬೆಳಿಗ್ಗೆ ಒಂದು ರೊಟ್ಟಿ, ರಾತ್ರಿ ಅರ್ಧ. ನಡುವೆ ಒಂದು ಲೋಟ ತೆಳು ಮಜ್ಜಿಗೆ. ಹಾಲಿಲ್ಲ, ಬೆಣ್ಣೆಯಿಲ್ಲ, ಶೇಂಗಾ ಇಲ್ಲ, ಕೊಬ್ಬರಿ ಬೆಲ್ಲ ಇಲ್ಲ. ಕೂಸಿನ ಜಾಗ ಅನ್ನಕ್ಕೆ ಹೋಗಬಾರದು, ಅನ್ನದ ಜಾಗದಲ್ಲಿ ಕೂಸು ಉಬ್ಬಬಾರದು. ನನ್ನ ತಿಳಿವಳಿಕೆಯಲ್ಲಿ ಹೊಟ್ಟೆ ಎಂಬುದು ಒಂದೇ ಚೀಲ. ಅದರಲ್ಲಿ ಕೂಸು ಮಲಗಿರುತ್ತದೆ, ನಾವು ಉಂಡದ್ದು ಅದರ ಪಕ್ಕಕ್ಕೆ ಬಂದು ಬೀಳುತ್ತದೆ. ಮೂರು ಹೆತ್ತವಳಿಗೆ ಇಷ್ಟೂ ತಿಳಿದಿರಲಿಲ್ಲವೇ ಎಂದು ಈಗ ಯಾರಾದರೂ ಕೇಳಿದರೆ, ತಿಳಿದಿರಲಿಲ್ಲ ಎಂದೇ ಹೇಳಬೇಕು. ಹೆತ್ತವಳಿಗೆ ಏನನ್ನೂ ತೋರಿಸುವುದಿಲ್ಲ. ಕೂಸಿನ ಬೆನ್ನಿಗೆ ಬೀಳುವ ಮಾಸನ್ನು ಗಡಿಗೆಗೆ ಹಾಕಿ, ಮೇಲೆ ಅರಿವೆ ಮುಚ್ಚಿ, ಬಚ್ಚಲ ಹಿಂದೆ ಹೂತುಬಿಡುತ್ತಾರೆ. ಅದನ್ನು ನೋಡುವುದು ಹೊಲ್ಲ, ಕೆಟ್ಟದ್ದು ಎಂಬ ಮಾತು ಬೇರೆ.

ಮಗಳು ಒಂದು ದಿನವೂ ಇನ್ನಷ್ಟು ಹಾಕು ಎನ್ನಲಿಲ್ಲ. ಅದೂ ನನಗೆ ಹೆಮ್ಮೆಯೇ ಆಗಿತ್ತು. ಬೈಗಿನ ಹೊತ್ತಿನಲ್ಲಿ ಹೊಸ್ತಿಲು ಎಡವುತ್ತಿದ್ದಳು, ದೀಪ ಹಚ್ಚುವ ಮುಂಚೆ ಗೋಡೆ ಹಿಡಿದು ನಡೆಯುತ್ತಿದ್ದಳು. ಹೊಟ್ಟೆಯ ಭಾರಕ್ಕೆ ಕಾಲು ಕಾಣುವುದಿಲ್ಲ ಎಂದು ಬೈದೆ. ಹಲ್ಲುಜ್ಜುವಾಗ ರಕ್ತ ಬರುತ್ತಿತ್ತು, ಬೇವಿನ ಕಡ್ಡಿ ಬಿರುಸೆಂದು ಬದಲಿಸಿದೆ. ರಾತ್ರಿ ಮನೆಯಲ್ಲಿ ಎಲ್ಲರಿಗಿಂತ ಕಡೆಗೆ ನಿದ್ದೆ ಹೋಗುವವಳು ಅವಳೇ. ನಾನು ಒಂದು ನಿದ್ದೆ ಮುಗಿಸಿ ಹೊರಳಿದರೂ ಅವಳ ಬಳೆಯ ಸದ್ದು ಕೇಳುತ್ತಿತ್ತು. ತುಂಬು ಬಸುರಿಗೆ ನಿದ್ದೆ ಎಲ್ಲಿಯದು ಎಂದುಕೊಂಡೆ. ಯಜಮಾನರು ಒಂದು ಸಲ ಮಾತ್ರ ಬಾಯಿ ತೆರೆದಿದ್ದರು. ಕುಬಸದಲ್ಲಿ ಮುಂಗೈಗೆ ಬಿಗಿಯಾಗಿ ಇಟ್ಟ ಬಳೆ ಈಗ ಮೊಣಕೈ ತನಕ ಜಾರುತ್ತವೆ, ನೋಡು ಎಂದರು. ಹೆಣ್ಣುಮಕ್ಕಳ ವಿಷಯ ನಿಮಗೆ ತಿಳಿಯುವುದಿಲ್ಲ, ಬಳ್ಳಿ ನೋಡಿಕೊಳ್ಳಿ ಎಂದು ಅವರ ಬಾಯಿ ಮುಚ್ಚಿಸಿದೆ.

ಇನ್ನು ಆ ಸೋಮವಾರದ ಮಾತು. ನಮ್ಮ ತೋಟದಲ್ಲಿ ಕಳೆ ತೆಗೆಯಲು ಹತ್ತಿಮತ್ತೂರಿನಿಂದ ಬಂದ ಒಬ್ಬಳು ಹೆಣ್ಣುಮಗಳು ಗಂಡನೊಡನೆ ನಮ್ಮ ಹಿತ್ತಲ ಗುಡಿಸಿಲಿನಲ್ಲಿಯೇ ಇದ್ದಳು. ಅವಳೂ ಬಸುರಿ, ದಿನ ತುಂಬಿದ್ದವು. ಮೂರನೆಯ ಕೂಸು. ನಾನು ಇಲಿಬೋನು ಇಟ್ಟು ಏಳುವ ಹೊತ್ತಿಗೆ ಅವಳಿಗೆ ನೋವು ಕಾಣಿಸಿಕೊಂಡಿತೆಂದು ಗಂಡ ಓಡಿ ಬಂದ. ಸೂಲಗಿತ್ತಿಯನ್ನು ಕರೆಯಲು ಕಳಿಸಿದೆವು. ನಮ್ಮ ಓಣಿಯಲ್ಲೆಲ್ಲ ಹೆರಿಗೆ ಮಾಡಿಸುತ್ತಿದ್ದವಳು ಒಬ್ಬ ಮುಸಲ್ಮಾನರ ಮುದುಕಿ. ತಾಯಿಯ ತಂಗಿಯನ್ನು ಅವರಲ್ಲಿ ಕರೆಯುವ ಹಾಗೆ ಊರವರೆಲ್ಲ, ಯಾವ ಜಾತಿಯವರಾಗಲಿ, ಅವಳನ್ನು ಖಾಲಾ ಎಂದೇ ಕರೆಯುತ್ತಿದ್ದೆವು. ಸಣ್ಣ ದೇಹ, ದೊಡ್ಡ ಕೈ. ಬಾಯಲ್ಲಿ ಯಾವಾಗಲೂ ನಮ್ಮ ತೋಟದ್ದೇ ಎಲೆ.

ಬಿಸಿನೀರು ಕೊಡಲು, ಬೆನ್ನು ಹಿಡಿಯಲು ಒಬ್ಬರು ಬೇಕೆಂದು ನಾನು ಒಳಗೆ ಹೋದೆ. ಆ ಹೆಣ್ಣುಮಗಳು ಬಸುರಿನಲ್ಲಿ ಏನೇನು ತಿನ್ನುತ್ತಿದ್ದಳೆಂದು ನನಗೆ ಗೊತ್ತಿತ್ತು. ತೋಟದ ಬದುವಿನಲ್ಲಿ ಕುಳಿತು ಮೂರು ರೊಟ್ಟಿ, ಅದರ ಮೇಲೆ ಗುಡ್ಡೆ ಪುಂಡಿಪಲ್ಯ, ಹಿಡಿ ಶೇಂಗಾ, ಸಿಕ್ಕ ಸೊಪ್ಪು ಎಲ್ಲ. ನಾನು ಎಷ್ಟೋ ಸಲ ಅವಳಿಗೆ ಎಚ್ಚರ ಹೇಳಿದ್ದೆ. ಆದ್ದರಿಂದ ನನ್ನ ಅಕ್ಕನ ಗತಿಯೇ ಇವಳಿಗೂ ಎಂದುಕೊಂಡೆ. ಬಿಸಿಲು ನೆತ್ತಿಗೆ ಬರುವ ಮುಂಚೆ ಹೆತ್ತಳು. ದುಂಡನೆಯ ಗಂಡುಕೂಸು. ಅದರ ಕೂಗಿಗೆ ಹಿತ್ತಲ ಕಾಗೆಗಳು ಎದ್ದವು. ತಾಯಿ ಎದ್ದು ಕುಳಿತು ನೀರು ಕೇಳಿದಳು. ನಾನು ಕೈಯಲ್ಲಿದ್ದ ಬಿಸಿನೀರಿನ ತಂಬಿಗೆಯನ್ನೇ ಅವಳ ಮುಂದೆ ಹಿಡಿದೆ.

ಆಮೇಲೆ ಮಾಸು ಬಿತ್ತು. ಖಾಲಾ ಅದನ್ನು ಒಂದು ಹಳೆಯ ಮೊರದಲ್ಲಿ ತೆಗೆದುಕೊಂಡು ಹೊರಗೆ ಬಂದು, ನೀರು ಹಾಕಿ ತೊಳೆದು, ಬಾಳೆಎಲೆಯ ಮೇಲೆ ಹರವಿದಳು. ಚೂರು ಒಳಗೆ ಉಳಿದರೆ ಬಾಣಂತಿಗೆ ನಂಜಾಗುತ್ತದೆ, ಅದಕ್ಕೆ ಪೂರ್ತಿ ಬಂದಿದೆಯೇ ಎಂದು ನೋಡಬೇಕಂತೆ. ನಾನು ಮುಖ ತಿರುಗಿಸಿದೆ.

"ಇಲ್ಲಿ ಬಾ ತಂಗಿ, ನೋಡು," ಎಂದಳು ಖಾಲಾ. "ಮೂಗು ಮುಚ್ಚಬ್ಯಾಡ. ಒಂಬತ್ತು ತಿಂಗಳ ಆ ಕೂಸಿಗೆ ಅಡಗಿ ಮಾಡಿ ಹಾಕಿದ್ದು ಇದಾ."

ನೋಡಿದೆ. ದಪ್ಪ ರೊಟ್ಟಿಯಷ್ಟು ಅಗಲ, ಅದಕ್ಕಿಂತ ದಪ್ಪ. ಕೆಳಗಿನ ಮೈ ಕಪ್ಪುಗೆಂಪು, ಗಡ್ಡೆಗಡ್ಡೆ. ಖಾಲಾ ಅದನ್ನು ಮಗುಚಿ ಹಾಕಿದಳು. ಮೇಲಿನ ಮೈ ನುಣುಪಾಗಿ ಹೊಳೆಯುತ್ತಿತ್ತು. ನಡುವೆ ಹೊಕ್ಕುಳ ಬಳ್ಳಿ. ಅದರ ಬುಡದಿಂದ ನರಗಳು ಕವಲೊಡೆದು, ಕವಲಿಗೆ ಕವಲಾಗಿ ಅಂಚಿನ ತನಕ ಹರಡಿದ್ದವು. ನಾನು ಅಂದು ಬೆಳಿಗ್ಗೆ ನೂರಾರು ಎಲೆಗಳನ್ನು ಹೀಗೇ ಮಗುಚಿ ಮಗುಚಿ ನೋಡಿದ್ದೆ. ತೊಟ್ಟಿನಿಂದ ನರ ಹೊರಟು ಎಲೆಯ ತುಂಬ ಹರಡುವುದು ನನ್ನ ಕಣ್ಣಿಗೆ ಹೊಸದಲ್ಲ. ಆದರೆ ಮನುಷ್ಯರೊಳಗೆ ಅಂಥದೊಂದು ಎಲೆ ಇರುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ಕೂಸು ಹೊಟ್ಟೆಯೊಳಗೇ ಉಣ್ಣುವುದಲ್ಲವೇ ಎಂದು ಕೇಳಿದೆ. ಖಾಲಾ ನಕ್ಕಳು.

"ನೀ ಉಂಡ ರೊಟ್ಟಿ ಹೋಗಿ ಕೂಸಿನ ತಲಿ ಮ್ಯಾಲ ಬೀಳತೈತಿ ಅಂತ ತಿಳದೀಯೇನ? ಅನ್ನದ ಚೀಲ ಬ್ಯಾರೆ, ಕೂಸಿನ ಚೀಲ ಬ್ಯಾರೆ. ಉಂಡದ್ದು ರಕ್ತ ಆಗಬೇಕು. ಆ ರಕ್ತದಾಗಿನ ಸತ್ವ ಈ ಮಾಸು ಹೀರಿ ತಗೋಬೇಕು. ಆಮ್ಯಾಲೆ ಈ ಬಳ್ಳಿ ಹಿಡಿದು ಕೂಸಿಗೆ ಹೋಗಬೇಕು. ಬ್ಯಾರೆ ದಾರಿ ಇಲ್ಲ ಅದಕ್ಕ."

ತಾಯಿ ಚೆನ್ನಾಗಿ ಉಂಡರೆ ಮಾಸು ಹೀಗೆ ತುಂಬಿಕೊಂಡು ಬರುತ್ತದೆ, ಬರಗಾಲದ ವರ್ಷಗಳಲ್ಲಿ ತೆಳ್ಳಗೆ, ಬಿಳಿಚಿಕೊಂಡು, ಅಡಕೆಯಂಥ ಗಂಟುಗಳನ್ನಿಟ್ಟುಕೊಂಡು ಬೀಳುವುದನ್ನು ತಾನು ಕಂಡಿದ್ದೇನೆ, ಅಂಥದರ ಜೊತೆ ಹುಟ್ಟಿದ ಕೂಸುಗಳಲ್ಲಿ ಬಹಳ ಉಳಿಯಲಿಲ್ಲ ಎಂದು ಅವಳು ಗಡಿಗೆಗೆ ಉಪ್ಪು, ಅರಿಶಿನ ಹಾಕುತ್ತ ಹೇಳಿದಳು. ತಾಯಿ ಉಣ್ಣದಿದ್ದರೂ ಮಾಸು ಸುಮ್ಮನಿರುವುದಿಲ್ಲವಂತೆ. ತಾಯಿಯ ಮೈಯಲ್ಲಿ, ಎಲುಬಿನಲ್ಲಿ, ಕಣ್ಣಿನಲ್ಲಿ ಏನಿದೆಯೋ ಅದನ್ನೇ ಎಳೆಯುತ್ತದೆ. ಅಲ್ಲಿಯೂ ಬರಿದಾದರೆ ತಾನೂ ಒಣಗುತ್ತದೆ.

ಖಾಲಾ ಮಾತಾಡುತ್ತಿದ್ದಳು. ಆದರೂ ಮನಸ್ಸು ಸೋಲಲು ಒಪ್ಪಲಿಲ್ಲ. ನನ್ನ ಮಗಳಿಗೆ ಹೀಗೆ ಹೀಗೆ ಮಾಡುತ್ತಿದ್ದೇನೆ, ಏಳು ವಾರದಿಂದ ದಾರದ ಗಂಟು ಒಂದು ಬೆರಳಿಗಿಂತ ಹೆಚ್ಚು ಮುಂದೆ ಹೋಗಿಲ್ಲ, ಹೆರಿಗೆ ಹಗುರಾಗುತ್ತದಲ್ಲ ಎಂದೆ. ಹೌದು ಎನ್ನಲಿ ಎಂದೇ ಹೇಳಿದೆ.

ಅವಳು ಉಪ್ಪಿನ ಕೈ ಹಾಗೇ ನಿಲ್ಲಿಸಿದಳು.

"ನಿನ್ನ ಗಂಡ ಎಲಿ ಸಣ್ಣಗಿರಲಿ ಅಂತ ಬಳ್ಳಿಗೆ ನೀರು ನಿಲ್ಲಿಸ್ತಾನೇನ?" ಎಂದು ಮೆಲ್ಲಗೆ ಕೇಳಿದಳು. ಆಮೇಲೆ ಕೈ ತೊಳೆದುಕೊಂಡು, "ನಡಿ, ಹುಡುಗೀನ ನೋಡೂಣು," ಎಂದು ಎದ್ದಳು.

ಹಿತ್ತಲಿನಿಂದ ನಡುಮನೆಗೆ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಯಲ್ಲಿ ನಾನು ಏನನ್ನೂ ಯೋಚಿಸಲಿಲ್ಲ. ಮಗಳು ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತಿದ್ದಳು. ಖಾಲಾ ಅವಳನ್ನು ಮಲಗಿಸಿ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟು, ಕೂಸಿನ ತಲೆ ಎಲ್ಲಿ, ಬೆನ್ನೆಲ್ಲಿ ಎಂದು ಹುಡುಕಿದಳು. ಕೆಳರೆಪ್ಪೆ ಎಳೆದು ನೋಡಿದಳು. ಒಳಗೆ ಸುಣ್ಣದ ಹಾಗೆ ಬಿಳಿ. ಬೈಗಿನಲ್ಲಿ ಕಣ್ಣು ಕಾಣುತ್ತದೆಯೇ ಎಂದು ಕೇಳಿದಳು. ಮಗಳು ನನ್ನ ಕಡೆ ನೋಡಿ ಇಲ್ಲವೆಂದು ತಲೆಯಾಡಿಸಿದಳು. ದೀಪ ಹಚ್ಚುವ ಹೊತ್ತಿಗೆ ಎಲ್ಲ ಮಸುಕಾಗುತ್ತದೆ, ಬಸುರಿಯರಿಗೆ ಹೀಗೇ ಇರಬಹುದೆಂದು ಹೇಳಲಿಲ್ಲ ಎಂದಳು. ನಾನು ಹೊಸ್ತಿಲು ಎಡವಿದ್ದಕ್ಕೆ ಬೈದದ್ದು ನೆನಪಾಯಿತು.

ಖಾಲಾ ಅವಳ ಕೈ ಹಿಡಿದು ಬೆರಳು ನೋಡಿದಳು. ಉಗುರಿನ ಸಂದಿಯಲ್ಲಿ ಕೆಮ್ಮಣ್ಣು.

"ಗ್ವಾಡಿ ತಿನ್ನಾಕತ್ತೀಯೇನ ನನ ಮಗಳ?"

ಮಗಳು ಬೆರಳು ಮಡಚಿಕೊಂಡು ಹಾಸಿಗೆ ಸುರುಳಿಗಳ ಕಡೆ ನೋಡಿದಳು.

ನಾನು ಹಾಸಿಗೆ ಸುರುಳಿಗಳನ್ನು ಎಳೆದು ಹಾಕಿದೆ. ಬೆಳಿಗ್ಗೆ ನಾನು ಮೆತ್ತಿದ್ದ ಹಸಿ ಮಣ್ಣಿನಲ್ಲಿ ಆಗಲೇ ಎರಡು ಬೆರಳ ಗೀರು. ಬೋನು ಇದ್ದಲ್ಲೇ ಇತ್ತು, ಬಾಗಿಲು ತೆರೆದೇ ಇತ್ತು, ಕೊಂಡಿಯಲ್ಲಿ ಕೊಬ್ಬರಿ ಇರಲಿಲ್ಲ. ಬೋನನ್ನು ಕೈಯಲ್ಲಿ ಎತ್ತಿಕೊಂಡೆ. ಇಲಿಗೆ ದಿನಕ್ಕೊಂದು ಚೂರು ಕೊಬ್ಬರಿ ಇಡುತ್ತಿದ್ದೆ. ಮಗಳಿಗೆ ಇಟ್ಟಿರಲಿಲ್ಲ. ಹಸಿದ ಕೈ ಆ ತಂತಿಯ ಬಾಗಿಲಿನೊಳಗೆ, ಅದು ಬೀಳದಂತೆ ಹುಷಾರಾಗಿ ಹೋಗಿ, ಹುಷಾರಾಗಿ ಹೊರಗೆ ಬರುತ್ತಿತ್ತು. ಮೂರು ವಾರ. ನಾನು ಹೊರಗೆ ರೊಟ್ಟಿ ಬಡಿಯುತ್ತಿದ್ದಾಗ.

ಯಾಕೆ ಕೇಳಲಿಲ್ಲ ಎಂದೆ.

"ನಿನಗ ಗೊತ್ತಿರತೈತಿ ಅಂದ್ಕೊಂಡೆ, ಅವ್ವಾ," ಎಂದಳು ಮಗಳು. "ದೊಡ್ಡವ್ವನ ಹಂಗ ನಾನೂ ಬಾಯಿ ಕಟ್ಟಲಿಲ್ಲ ಅಂತ ಆಗಬಾರದು ಅಂದ್ಕೊಂಡೆ."

ದೊಡ್ಡವ್ವ ಎಂದರೆ ನನ್ನ ಆ ಅಕ್ಕ. ಖಾಲಾ ಯಾರದು ಎಂದು ಕೇಳಿದಳು, ನಾನು ಹೇಳಿದೆ. ಮೂರು ದಿನದ ನೋವು, ದೊಡ್ಡ ಕೂಸು, ಕದ್ದ ಮೊಸರು, ಎಲ್ಲ. ಅವಳು ಎಲ್ಲ ಕೇಳಿ, ಎಷ್ಟು ವರ್ಷದವಳಿದ್ದಳು ಎಂದಷ್ಟೇ ಕೇಳಿದಳು. ಹದಿಮೂರು ಎಂದೆ. ಖಾಲಾ ಬಾಯಲ್ಲಿದ್ದ ಎಲೆ ಹೊರಗೆ ಹೋಗಿ ಉಗಿದು ಬಂದಳು.

"ಹದಿಮೂರು ವರ್ಷದ ಹುಡುಗಿ ಎಲುಬಾ ಇನ್ನೂ ಬೆಳದಿರಂಗಿಲ್ಲ. ಕೂಸು ಹೊರಗ ಬರೂ ಬಾಗಿಲಾ ಅಷ್ಟು ಸಣ್ಣದು. ಮೊಸರು ಏನ ಮಾಡೀತು ಪಾಪ? ಆಕಿಗೆ ಹಸಿವಾಗಿತ್ತು, ತಿಂದ್ಲು."

ಮೂವತ್ತು ವರ್ಷಕ್ಕೆ ಮೇಲಾಗಿತ್ತು ಅಕ್ಕ ತೀರಿಕೊಂಡು. ಅಷ್ಟೂ ವರ್ಷ ನಾವು ಸತ್ತವಳಿಗೆ ಹೊಟ್ಟೆಬಾಕಿ ಎಂಬ ಹೆಸರಿಟ್ಟಿದ್ದೆವು. ಆ ಹೆಸರನ್ನು ದಾರವಾಗಿ ಮಾಡಿ ನಮ್ಮ ಮನೆಯ ಒಬ್ಬೊಬ್ಬ ಹೆಣ್ಣುಮಗಳ ಹೊಟ್ಟೆಗೆ ಸುತ್ತಿದ್ದೆವು. ನನಗೆ ಅಳು ಬರಲಿಲ್ಲ. ಅಳು ಬರಲು ಒಳಗೆ ಏನಾದರೂ ಅಲುಗಾಡಬೇಕು. ಎಲ್ಲ ಹಾಗೇ ನಿಂತುಬಿಟ್ಟಿತ್ತು.

ಕೂಸು ಜೀವಂತವಿದೆ, ಒದೆಯುತ್ತದೆ, ಆದರೆ ಒದೆತದಲ್ಲಿ ಬಿರುಸಿಲ್ಲ ಎಂದಳು ಖಾಲಾ. ಐದು ವಾರ ಉಳಿದಿರಬಹುದು. ಹೋದದ್ದು ಹೋಯಿತು. ಈಗ ಕೊಟ್ಟಷ್ಟು ಕೂಸಿಗೆ ಮುಟ್ಟುತ್ತದೆ. ಉಳಿಯುತ್ತದೆಯೇ ಎಂದು ಮಾತ್ರ ತಾನು ಹೇಳಲಾರೆ ಎಂದಳು. ಗೋಡೆ ತಿಂದದ್ದಕ್ಕೆ ಬೈಯಬೇಡ, ರಕ್ತ ಕಡಿಮೆಯಾದ ಮೈ ಮಣ್ಣು ಬೇಡುತ್ತದೆ, ಮೈ ತುಂಬಿದ ಮೇಲೆ ತಾನೇ ಬಿಡುತ್ತದೆ ಎಂದೂ ಹೇಳಿದಳು.

ಆ ಮಧ್ಯಾಹ್ನವೇ ನಾನು ಎರಡು ರೊಟ್ಟಿ, ಬೆಣ್ಣೆ, ಹೆಸರುಕಾಳಿನ ಪಲ್ಯ, ಒಂದು ಲೋಟ ಹಾಲು ಮಗಳ ಮುಂದಿಟ್ಟೆ. ಅವಳು ಉಂಡಳು. ಸ್ವಲ್ಪ ಹೊತ್ತಿಗೆ ಎಲ್ಲ ಕಾರಿಕೊಂಡಳು. ನಾನು ಮತ್ತೂ ಗಾಬರಿಯಾದೆ. ಖಾಲಾಳನ್ನು ಮತ್ತೆ ಕರೆಸಿದರೆ, ಒಣಗಿದ ಬಳ್ಳಿಗೆ ಒಮ್ಮೆಲೇ ಕಾಲುವೆ ಬಿಟ್ಟರೆ ಬೇರು ಕೊಳೆಯುತ್ತದೆಂದು ನಿನ್ನ ಗಂಡನೇ ಹೇಳುತ್ತಾನೆ, ಕೇಳು ಎಂದಳು. ಅಂದಿನಿಂದ ದಿನಕ್ಕೆ ಆರು ಸಲ, ಒಂದೊಂದು ಹಿಡಿ. ಬೆಳಿಗ್ಗೆ ಹಾಲು, ಬೆಲ್ಲದ ಚೂರು. ಸ್ವಲ್ಪ ತಡೆದು ಅರ್ಧ ರೊಟ್ಟಿ, ನುಗ್ಗೆಸೊಪ್ಪಿನ ಪಲ್ಯ. ಮಧ್ಯಾಹ್ನ ಅನ್ನ, ಬೇಳೆ, ತುಪ್ಪ. ಆಮೇಲೆ ಮೊಸರು. ಮೊಸರಿನ ಬಟ್ಟಲು ಕೊಡುವಾಗ ಮೊದಲ ದಿನ ನನ್ನ ಕೈ ಹಿಂದೆ ಬಂತು. ಸುಳ್ಳು ಹೇಳಬಾರದು. ತಲೆಗೆ ತಿಳಿದದ್ದು ಕೈಗೆ ತಿಳಿಯಲು ನಾಲ್ಕು ದಿನ ಹಿಡಿಯಿತು. ಯಜಮಾನರು ನುಗ್ಗೆ, ಮೆಂತೆ, ರಾಜಗಿರಿ ಎಂದು ದಿನಾ ಒಂದೊಂದು ಸೊಪ್ಪು ತೋಟದಿಂದ ತಂದು ಮಾತಿಲ್ಲದೆ ಒಲೆಯ ಹತ್ತಿರ ಇಟ್ಟು ಹೋಗುತ್ತಿದ್ದರು. ನಾನು ಅವರ ಮುಖ ನೋಡುತ್ತಿರಲಿಲ್ಲ.

ಶಿಗ್ಗಾವಿಯ ಸಂತೆಗೆ ಹೋಗಿದ್ದ ದೊಡ್ಡ ಮಗ ಅಕ್ಕನಿಗೆಂದು ಉತ್ತತ್ತಿ ತಂದ. ಸಂತೆಯಲ್ಲೆಲ್ಲ ಉತ್ತತ್ತಿ ಹುಡುಕಿದ್ದು ನೋಡಿ ಅಂಗಡಿಯವನು ನಿಮ್ಮ ಮನೆಯಲ್ಲಿ ಯಾರ ಬಾಣಂತನ ಎಂದು ಕೇಳಿದನಂತೆ, ಇವನು ನಾಚಿಕೆಯಿಂದ ನನ್ನದೇ ಎಂದುಬಿಟ್ಟನಂತೆ. ಮಗಳು ಅಂದು ನಕ್ಕಳು. ತವರಿಗೆ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಲ್ಲಿಯ ತನಕ ನಗುತ್ತಿರಲಿಲ್ಲ ಎಂಬುದು ಅವಳು ನಕ್ಕ ಮೇಲೆ ನನಗೆ ತಿಳಿಯಿತು.

ಮೂರನೆಯ ವಾರದಲ್ಲಿ ಒಂದು ಬೈಗು, ನಾನು ಇನ್ನೂ ದೀಪ ಹಚ್ಚಿರಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ಮಗಳು ಒಳಗೆ ಕೂಗಿದಳು.

"ಅವ್ವಾ, ಎಮ್ಮಿ ಹಗ್ಗ ಬಿಚ್ಚಿಕೊಂಡೈತಿ ನೋಡು, ಮೆಂತೆ ಮಡಿ ಕಡೆ ಹೊಂಟೈತಿ."

ಎಮ್ಮೆ ಮೆಂತೆಯ ಒಂದು ಮಡಿಯನ್ನೇ ತಿಂದು ಹಾಕಿತು. ನಾನು ಅದನ್ನು ಓಡಿಸಲು ಹೋಗಲಿಲ್ಲ. ಮಗಳಿಗೆ ಕತ್ತಲಲ್ಲಿ ಎಮ್ಮೆ ಕಂಡಿತ್ತು.

ದಾರವನ್ನು ಏನು ಮಾಡಿದೆ ಎಂದರೆ, ಸುಟ್ಟೆ ಎಂದು ಹೇಳಿದರೆ ಚೆನ್ನಾಗಿರುತ್ತಿತ್ತು. ಸುಡಲಿಲ್ಲ. ಬಹಳ ದಿನ ಗೂಟಕ್ಕೇ ನೇತಾಡುತ್ತಿತ್ತು. ಒಂದು ದಿನ ನುಗ್ಗೆಸೊಪ್ಪಿನ ಕಟ್ಟು ಕಟ್ಟಲು ಕೈಗೆ ಸಿಕ್ಕಿತು, ಕಟ್ಟಿದೆ. ಗೋಡೆಯ ಗೂಡಿಗೆ ಮಾತ್ರ ಆ ವರ್ಷ ಮಣ್ಣು ಮೆತ್ತಲಿಲ್ಲ. ಮೆತ್ತಲು ಹೋದರೆ ಆ ಎರಡು ಬೆರಳ ಗೀರು ಕಾಣುತ್ತಿತ್ತು.

ಖಾಲಾ ಹೇಳಿದ್ದಕ್ಕಿಂತ ನಾಲ್ಕು ದಿನ ಮುಂಚೆ, ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತಿಗೆ ಮಗಳಿಗೆ ನೋವು ಬಂತು. ಮಧ್ಯಾಹ್ನ ದಾಟಿತು. ನೋವು ಬರುವುದು, ನಿಲ್ಲುವುದು. ಮಗಳಿಗೆ ಮುಕ್ಕಲು ಬಲ ಸಾಲದು. ಇದನ್ನು ನಾನು ಎಣಿಸಿಯೇ ಇರಲಿಲ್ಲ. ಕೂಸು ಸಣ್ಣದಾದರೆ ಸಾಕು ಎಂದುಕೊಂಡವಳಿಗೆ, ಅದನ್ನು ಹೊರಗೆ ನೂಕಲು ತಾಯಿಗೂ ಕಸುವು ಬೇಕೆಂಬುದು ಹೊಳೆದಿರಲಿಲ್ಲ. ಖಾಲಾ ನೋವಿನ ನಡುನಡುವೆ ಬೆಲ್ಲದ ನೀರು ಕುಡಿಸಿದಳು. ಬೆನ್ನು ಹಿಡಿದವಳು ಹಿತ್ತಲ ಗುಡಿಸಿಲಿನ ಆ ಹೆಣ್ಣುಮಗಳು. ಅವಳ ದುಂಡನೆಯ ಕೂಸು ಕಟ್ಟೆಯ ಮೇಲೆ ಮಲಗಿ ಕೈಕಾಲು ಆಡಿಸುತ್ತಿತ್ತು. ಬಿಸಿಲು ಇಳಿಯುವಾಗ ಹೆತ್ತಳು.

ಹೆಣ್ಣುಕೂಸು. ನನ್ನ ಎರಡು ಅಂಗೈಯಲ್ಲಿ ಹಿಡಿಯುವಷ್ಟು. ತೊಡೆಯಲ್ಲಿ ಸುಕ್ಕು, ಮುಖ ಮುದುಕಿಯದು. ಮೊದಲು ಅಳಲಿಲ್ಲ. ಖಾಲಾ ಅದರ ಬೆನ್ನು ತಿಕ್ಕಿದಳು, ಬಾಯಲ್ಲಿದ್ದ ಲೋಳೆ ತೆಗೆದಳು, ಅಂಗಾಲಿಗೆ ತಟ್ಟಿದಳು. ನಾನು ಬಾಗಿಲ ಚೌಕಟ್ಟು ಹಿಡಿದಿದ್ದೆ. ಆಗ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ ಬಂತು, ನಿಂತಿತು, ಮತ್ತೆ ಬಂತು.

ಮಾಸು ಬಿದ್ದ ಮೇಲೆ ನಾನೇ ಮೊರ ಹಿಡಿದೆ. ನನ್ನ ಕೈಯಿಂದಲೇ ತೊಳೆದು ಬಾಳೆಎಲೆಯ ಮೇಲೆ ಹರವಿದೆ. ಹಿತ್ತಲ ಆ ಹೆಣ್ಣುಮಗಳ ಮಾಸಿನ ಅರ್ಧವೂ ಇರಲಿಲ್ಲ. ಅಂಚು ತೆಳ್ಳಗೆ, ಬಣ್ಣ ಪೇಲವ, ಒಂದು ಬದಿಗೆ ಬಿಳಿ ಗಂಟುಗಳು, ಒತ್ತಿದರೆ ಅಡಕೆಯ ಹಾಗೆ ಗಟ್ಟಿ. ಮಗುಚಿದೆ. ಎಲೆಯ ನರಗಳು ಇದರಲ್ಲಿಯೂ ಇದ್ದವು, ಅಂಚಿನ ತನಕ ಹೋಗುವ ಮುಂಚೆಯೇ ಸಣ್ಣಗಾಗಿ ಕಾಣದಾಗಿದ್ದವು. ಖಾಲಾ ಪಕ್ಕದಲ್ಲಿ ಕುಳಿತು ನೋಡಿದಳು.

"ಇಷ್ಟರಾಗ ಆ ಕೂಸು ಜೀವ ಹಿಡಕೊಂಡು ಕುಂತಿತ್ತು," ಎಂದಳು. "ಗಟ್ಟಿ ಐತಿ. ಇನ್ನ ಬಳ್ಳಿ ಕಡದೇನಿ. ಇನ್ಮುಂದ ಮೊಲಿ ಹಾಲಾ ಅದಕ್ಕ ದಾರಿ. ಹಾಲು ಎಲ್ಲಿಂದ ಬರತೈತಿ ಅಂತ ಈಗ ಮತ್ತ ಹೇಳಬೇಕೇನ ನಿನಗ?"

ಬೇಡ ಎಂದೆ. ಬಾಣಂತಿಗೆ ಮೂರು ದಿನ ಅನ್ನ ಹಾಕಬಾರದೆಂಬ ನಮ್ಮ ಮನೆಯ ಇನ್ನೊಂದು ಪದ್ಧತಿ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಗಡಿಗೆಗೆ ಉಪ್ಪು, ಅರಿಶಿನ ಹಾಕಿ, ಬಚ್ಚಲ ಹಿಂದೆ ನಾನೇ ಕುಣಿ ತೋಡಿ ಹೂತೆ. ಗಡಿಗೆ ಎಷ್ಟು ಹಗುರಿತ್ತೆಂದರೆ ಖಾಲಿ ಗಡಿಗೆಯೇನೋ ಎಂದು ಅರಿವೆ ಎತ್ತಿ ಮತ್ತೊಮ್ಮೆ ನೋಡಿದೆ.

ಅಂದು ಬೈಗಿಗೆ ಮನೆಯವರೆಲ್ಲ ಬೆಳಗಿನ ತಣ್ಣನೆಯ ರೊಟ್ಟಿಯನ್ನೇ ಶೇಂಗಾ ಚಟ್ನಿಯಲ್ಲಿ ಉಂಡೆವು. ಖಾಲಾ ರೊಟ್ಟಿ ಬೇಡವೆಂದು ಚಹಾ ಕುಡಿದು, ಒಂದು ಎಲೆ ಹಾಕಿಕೊಂಡು ಹೋದಳು. ಮಗಳಿಗೆ ಮೆತ್ತಗಿನ ಅನ್ನ, ಬೆಳ್ಳುಳ್ಳಿ ಒಗ್ಗರಣೆಯ ಬೇಳೆಕಟ್ಟು, ಎರಡು ಚಮಚ ತುಪ್ಪ, ಆಮೇಲೆ ಒಂದು ಬಟ್ಟಲು ಹಾಲು. ಅನ್ನ ಇನ್ನೊಂದು ಸೌಟು ಹಾಕು ಎಂದಳು. ಹಾಕಿದೆ. ಕೂಸಿಗೆ ಮೊಲೆ ಹಿಡಿಸಿದೆವು. ಎರಡು ಸಲ ಬಿಟ್ಟಿತು, ಮೂರನೆಯ ಸಲ ಚೀಪಿತು. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ಮಗಳು. ಕೂಸು ಇನ್ನೂ ಚೀಪುತ್ತಿತ್ತು.